ಸಿಂಗಲ್ ಫೇಸ್ ಮೋಟಾರಿನ ಲೆಕ್ಕ: ಹಿಮ್ಮುಖ ಕ್ಷೇತ್ರವನ್ನು ಅಳೆಯುವ ನಾಲ್ಕು ದಾರಿಗಳು

ದಾವಣಗೆರೆಯ ಬಡಾವಣೆಗಳಲ್ಲಿ ನಲ್ಲಿಯ ನೀರು ಮೊದಲು ಸಂಪಿಗೆ ಬೀಳುತ್ತದೆ. ಅಲ್ಲಿಂದ ಅದನ್ನು ಮಾಳಿಗೆಯ ಮೇಲಿನ ಟ್ಯಾಂಕಿಗೆ ಏರಿಸುವುದು ಅರ್ಧ ಅಥವಾ ಒಂದು ಎಚ್‌ಪಿಯ ಮೋನೋಬ್ಲಾಕ್ ಪಂಪು. ಈ ಪಂಪಿನ ಕಂಡೆನ್ಸರ್ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ಕಂಡಿರುತ್ತಾರೆ. ಸ್ವಿಚ್ಚು ಹಾಕಿದರೆ ಮೋಟಾರು ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ. ವೈಂಡಿಂಗ್ ಅಂಗಡಿಯವರು ಹಿಂಬದಿಯ ಕವರು ತೆಗೆದು ಶಾಫ್ಟಿಗೆ ಒಂದು ತಿರುವು ಕೊಟ್ಟರೆ ಅದೇ ಮೋಟಾರು ವೇಗ ಹಿಡಿದು ಓಡತೊಡಗುತ್ತದೆ; ಎಡಕ್ಕೆ ತಿರುವಿದರೆ ಎಡಕ್ಕೆ, ಬಲಕ್ಕೆ ತಿರುವಿದರೆ ಬಲಕ್ಕೆ. ಇದನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಾರದು. ಕೈಗೆ ಅಪಾಯವಿರುವುದು ಒಂದು ಕಾರಣ. ನಿಂತ ಮೋಟಾರು ಎಳೆಯುವ ಕರೆಂಟಿಗೆ ಕಾಯಿಲ್ ಬೇಗನೆ ಸುಟ್ಟುಹೋಗುತ್ತದೆ ಎಂಬುದು ಇನ್ನೊಂದು ಕಾರಣ. ಆದರೆ ಈ ವರ್ತನೆಯೊಳಗೆ ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರಿನ ಗಣಿತವೆಲ್ಲ ಅಡಗಿದೆ. ತಾನಾಗಿ ಹೊರಡಲಾರದ ಯಂತ್ರ ಒಮ್ಮೆ ಹೊರಟ ಮೇಲೆ ತಾನಾಗಿ ಓಡುವುದು ಏಕೆ, ಮತ್ತು ಯಾವ ದಿಕ್ಕಿಗಾದರೂ ಸರಿಯೆಂದು ಓಡುವುದು ಏಕೆ?

ತ್ರೀ ಫೇಸ್ ಮೋಟಾರಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಮೂರು ಕಾಯಿಲ್‌ಗಳು 120 ಡಿಗ್ರಿ ಅಂತರದಲ್ಲಿ ಕೂತಿರುತ್ತವೆ, ಅವುಗಳ ಕರೆಂಟುಗಳೂ ಒಂದರ ಹಿಂದೆ ಒಂದು 120 ಡಿಗ್ರಿ ಸರಿದು ಬರುತ್ತವೆ. ಎಲ್ಲ ಸೇರಿ ಒಂದೇ ಬಲದಲ್ಲಿ, ಒಂದೇ ದಿಕ್ಕಿನಲ್ಲಿ ಸುತ್ತುವ ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಹೀಗಾಗಿ ಒಂದು ಫೇಸಿನ ಲೆಕ್ಕ ಮಾಡಿ ಮೂರರಿಂದ ಗುಣಿಸಿದರೆ ಕೆಲಸ ಮುಗಿಯುತ್ತದೆ. ಸಿಂಗಲ್ ಫೇಸ್ ಮೋಟಾರಿನ ರನ್ನಿಂಗ್ ಕಾಯಿಲ್, ಅಂದರೆ ಅದನ್ನು ಓಡಿಸುವ ಮುಖ್ಯ ಕಾಯಿಲ್, ಒಂದೇ ಆದ್ದರಿಂದ ಅದರ ಕ್ಷೇತ್ರ ಸುತ್ತುವುದಿಲ್ಲ. ಒಂದೇ ಅಕ್ಷದ ಮೇಲೆ ನಿಂತು, ಸೆಕೆಂಡಿಗೆ 50 ಆವರ್ತನೆಗಳಂತೆ ಏರುತ್ತದೆ, ಇಳಿಯುತ್ತದೆ, ದಿಕ್ಕು ಬದಲಿಸುತ್ತದೆ. ಈ ಮಿಡಿಯುವ ಕ್ಷೇತ್ರದೊಳಗೆ ನಮಗೆ ಬೇಕಾದ ದಿಕ್ಕಿನ ಕ್ಷೇತ್ರವೂ ಇದೆ, ಅದಕ್ಕೆ ಎದುರಾಗಿ ಸುತ್ತುವ ಬೇಡದ ಕ್ಷೇತ್ರವೂ ಇದೆ. ನೂರು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ ಎಂಜಿನಿಯರುಗಳು ಕಟ್ಟಿಕೊಟ್ಟ ವಿಧಾನಗಳನ್ನೆಲ್ಲ ಈ ಬೇಡದ ಕ್ಷೇತ್ರವನ್ನು ಅಳೆದು ಲೆಕ್ಕಕ್ಕೆ ತರುವ ಬೇರೆ ಬೇರೆ ಬಗೆಗಳೆಂದು ನೋಡಿದರೆ ವಿಷಯ ಬಹಳ ಸರಳವಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಅವು ಬೇರೆ ಬೇರೆ ಅಧ್ಯಾಯಗಳಾಗಿ ಬರುವುದರಿಂದ ವಿದ್ಯಾರ್ಥಿಗಳು ಅವನ್ನು ಬೇರೆ ಬೇರೆ ಸಿದ್ಧಾಂತಗಳೆಂದು ಬಾಯಿಪಾಠ ಮಾಡುತ್ತಾರೆ. ಅವೆಲ್ಲ ವಿವರಿಸುವ ಭೌತಿಕ ಸಂಗತಿ ಒಂದೇ.

ಮೊದಲನೆಯದು ಎರಡು ಸುತ್ತುವ ಕ್ಷೇತ್ರಗಳ ಸಿದ್ಧಾಂತ. ಇಟಲಿಯ ಟ್ಯೂರಿನ್ ನಗರದ ಗೆಲಿಲಿಯೊ ಫೆರಾರಿಸ್ ಸುತ್ತುವ ಕಾಂತಕ್ಷೇತ್ರದ ತತ್ವವನ್ನು 1885ರಲ್ಲಿ ಕಂಡುಕೊಂಡು 1888ರಲ್ಲಿ ಪ್ರಕಟಿಸಿದರು. ಮಿಡಿಯುವ ಕ್ಷೇತ್ರವನ್ನು ಎರಡಾಗಿ ಒಡೆಯುವ ಆಲೋಚನೆಯೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಇದಕ್ಕೆ ಬೇಕಾದ ಗಣಿತ ಪಿಯುಸಿಯ ತ್ರಿಕೋನಮಿತಿಯಷ್ಟೇ. ಸ್ಟೇಟರಿನ (ಕಾಯಿಲ್‌ಗಳಿರುವ, ತಿರುಗದ ಹೊರಭಾಗದ) ಸುತ್ತ ಯಾವುದೋ ಒಂದು ಕೋನದಲ್ಲಿ ನಿಂತು ನೋಡಿದರೆ, ಕ್ಷೇತ್ರದ ಬಲವು ಆ ಸ್ಥಾನಕೋನದ ಕೋಸೈನ್ ಮತ್ತು ಕಾಲದೊಂದಿಗೆ ಬೆಳೆಯುವ ಕೋನದ ಕೋಸೈನ್‌ಗಳ ಗುಣಲಬ್ಧವಾಗಿರುತ್ತದೆ. ಎರಡು ಕೋಸೈನ್‌ಗಳ ಗುಣಲಬ್ಧವೆಂದರೆ, ಆ ಕೋನಗಳ ವ್ಯತ್ಯಾಸದ ಕೋಸೈನ್ ಮತ್ತು ಮೊತ್ತದ ಕೋಸೈನ್‌ಗಳನ್ನು ಕೂಡಿಸಿ ಅರ್ಧ ಮಾಡಿದ್ದು. ವ್ಯತ್ಯಾಸದ ಪದ ಮುಂದಕ್ಕೆ ಸುತ್ತುವ ಕ್ಷೇತ್ರ, ಮೊತ್ತದ ಪದ ಹಿಂದಕ್ಕೆ ಸುತ್ತುವ ಕ್ಷೇತ್ರ. ಎರಡರ ವೇಗವೂ ಒಂದೇ, ಎರಡರ ಬಲವೂ ಮೂಲ ಶಿಖರಬಲದ ಅರ್ಧದಷ್ಟು.

ಒಳಗೆ ತಿರುಗುವ ಭಾಗವಾದ ರೋಟರ್ ನಿಂತಿರುವಾಗ ಈ ಎರಡು ಕ್ಷೇತ್ರಗಳು ಅದನ್ನು ಹಗ್ಗಜಗ್ಗಾಟದಲ್ಲಿ ಸಮಬಲದ ಎರಡು ತಂಡಗಳು ಎಳೆದಂತೆ ಎಳೆಯುತ್ತವೆ. ನಿವ್ವಳ ಟಾರ್ಕ್, ಅಂದರೆ ತಿರುಗಿಸುವ ಬಲ, ಸೊನ್ನೆ. ರೋಟರ್ ಯಾವುದಾದರೂ ಒಂದು ಕಡೆಗೆ ಸ್ವಲ್ಪ ತಿರುಗಿದೊಡನೆ ಸಮತೋಲ ತಪ್ಪುತ್ತದೆ. ಇದನ್ನು ಅಳೆಯಲು ಸ್ಲಿಪ್ ಎಂಬ ಅಂಕಿ ಬೇಕು. ಸ್ಲಿಪ್ ಎಂದರೆ ಕ್ಷೇತ್ರದ ವೇಗಕ್ಕಿಂತ ರೋಟರ್ ಎಷ್ಟು ಭಾಗ ಹಿಂದುಳಿದಿದೆ ಎಂಬುದು. ಎರಡು ಪೋಲಿನ (ಕಾಂತಧ್ರುವದ) ಮೋಟಾರಿನ ಕ್ಷೇತ್ರ ನಿಮಿಷಕ್ಕೆ 3000 ಸುತ್ತು ಹಾಕುತ್ತದೆ. ರೋಟರ್ 2850 ಸುತ್ತು ಹಾಕುತ್ತಿದ್ದರೆ ಮುಮ್ಮುಖ ಕ್ಷೇತ್ರಕ್ಕೆ ಸ್ಲಿಪ್ 0.05. ಹಿಮ್ಮುಖ ಕ್ಷೇತ್ರವಾದರೋ ಎದುರು ದಿಕ್ಕಿನಿಂದ 3000 ಸುತ್ತು ಹಾಕುತ್ತ ಬರುವುದರಿಂದ ಅದರ ಮತ್ತು ರೋಟರಿನ ನಡುವಿನ ಅಂತರ 5850 ಸುತ್ತು, ಅಂದರೆ ಸ್ಲಿಪ್ 1.95. ಮುಮ್ಮುಖ ಸ್ಲಿಪ್ಪನ್ನು 2ರಿಂದ ಕಳೆದರೆ ಹಿಮ್ಮುಖ ಸ್ಲಿಪ್ ಸಿಗುತ್ತದೆ ಎಂಬ ಸೂತ್ರ ಬಂದದ್ದು ಹೀಗೆ. ಇದೇ ಕಾರಣಕ್ಕೆ ಒಂದೇ ರೋಟರಿನ ಕಂಬಿಗಳಲ್ಲಿ ಒಂದೇ ಕಾಲಕ್ಕೆ 2.5 ಹರ್ಟ್ಸ್‌ನ ಕರೆಂಟೂ 97.5 ಹರ್ಟ್ಸ್‌ನ ಕರೆಂಟೂ ಹರಿಯುತ್ತಿರುತ್ತವೆ.

ಇನ್ನು ಈಕ್ವಿವಲೆಂಟ್ ಸರ್ಕ್ಯೂಟ್, ಅಂದರೆ ಮೋಟಾರಿನ ಬದಲಿಗೆ ಕಾಗದದ ಮೇಲೆ ಬರೆದುಕೊಳ್ಳುವ ಸರಳ ಸರ್ಕ್ಯೂಟ್. ಸ್ಟೇಟರಿನ ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್‌ಗಳನ್ನು (ರಿಯಾಕ್ಟೆನ್ಸ್ ಎಂದರೆ ಏರಿಳಿಯುವ ಕರೆಂಟಿಗೆ ಕಾಯಿಲ್ ಅಥವಾ ಕಂಡೆನ್ಸರ್ ಒಡ್ಡುವ ತಡೆ) ಸಾಲಾಗಿ ಇಟ್ಟು, ಅವುಗಳ ಮುಂದೆ ಎರಡು ಕವಲುಗಳನ್ನು, ಮುಮ್ಮುಖದ್ದೊಂದು ಹಿಮ್ಮುಖದ್ದೊಂದು, ಸಾಲಾಗಿಯೇ ಜೋಡಿಸಬೇಕು. ಪ್ರತಿ ಕವಲಿನಲ್ಲಿಯೂ, ಕಾಂತಕ್ಷೇತ್ರವನ್ನು ಕಟ್ಟುವ ಕರೆಂಟಿನ ದಾರಿಯಾದ ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸಿನ ಅರ್ಧ ಇರುತ್ತದೆ, ಅದಕ್ಕೆ ಸಮಾಂತರವಾಗಿ ರೋಟರಿನ ರಿಯಾಕ್ಟೆನ್ಸಿನ ಅರ್ಧವೂ, ಆಯಾ ಸ್ಲಿಪ್ಪಿನಿಂದ ಭಾಗಿಸಿದ ರೋಟರ್ ರೆಸಿಸ್ಟೆನ್ಸಿನ ಅರ್ಧವೂ ಇರುತ್ತವೆ. ಅಂಕಿಗಳಿಲ್ಲದೆ ಇದು ಮನಸ್ಸಿಗೆ ಇಳಿಯುವುದು ಕಷ್ಟ. ಆದ್ದರಿಂದ 230 ವೋಲ್ಟ್, 50 ಹರ್ಟ್ಸ್‌ನ ಎರಡು ಪೋಲಿನ ಒಂದು ಎಚ್‌ಪಿ ಮೋಟಾರನ್ನು ಉದಾಹರಣೆಗೆಂದು ಇಟ್ಟುಕೊಳ್ಳೋಣ. ಸ್ಟೇಟರ್ ರೆಸಿಸ್ಟೆನ್ಸ್ 2.5 ಓಮ್, ರಿಯಾಕ್ಟೆನ್ಸ್ 3.5 ಓಮ್, ಸ್ಟೇಟರಿನ ಕಡೆಯಿಂದ ಕಂಡಂತೆ ರೋಟರ್ ರೆಸಿಸ್ಟೆನ್ಸ್ 4 ಓಮ್, ರಿಯಾಕ್ಟೆನ್ಸ್ 3.5 ಓಮ್, ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸ್ 90 ಓಮ್. ಸದ್ಯಕ್ಕೆ ರನ್ನಿಂಗ್ ಕಾಯಿಲ್ ಒಂದೇ ಕೆಲಸ ಮಾಡುತ್ತಿದೆ ಎಂದುಕೊಳ್ಳೋಣ.

ಸ್ಲಿಪ್ 0.05 ಇರುವಾಗ ಮುಮ್ಮುಖ ಕವಲಿನ ರೋಟರ್ ರೆಸಿಸ್ಟೆನ್ಸ್ 2 ಭಾಗಿಸು 0.05, ಅಂದರೆ 40 ಓಮ್. ಹಿಮ್ಮುಖ ಕವಲಿನಲ್ಲಿ ಅದೇ 2 ಓಮನ್ನು 1.95ರಿಂದ ಭಾಗಿಸಬೇಕು, ಸಿಗುವುದು ಬರೀ 1.03 ಓಮ್. ಸಮಾಂತರ ಜೋಡಣೆಯ ಲೆಕ್ಕ ಮಾಡಿದರೆ ಮುಮ್ಮುಖ ಕವಲು 21.4 ಓಮ್ ರೆಸಿಸ್ಟೆನ್ಸ್ ಮತ್ತು 20 ಓಮ್ ರಿಯಾಕ್ಟೆನ್ಸ್‌ಗೆ, ಹಿಮ್ಮುಖ ಕವಲು 0.95 ಓಮ್ ಮತ್ತು 1.71 ಓಮ್‌ಗೆ ಬಂದು ನಿಲ್ಲುತ್ತವೆ. ಸ್ಟೇಟರನ್ನೂ ಸೇರಿಸಿದರೆ ಒಟ್ಟು ಇಂಪಿಡೆನ್ಸ್ (ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ ಎರಡೂ ಕೂಡಿದ ತಡೆ) 35.4 ಓಮ್, ಕರೆಂಟು 6.5 ಆಂಪಿಯರ್, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್‌ಗಳ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು) 0.70, ಮೋಟಾರು ಎಳೆಯುವ ವಿದ್ಯುತ್ತು ಸುಮಾರು 1050 ವ್ಯಾಟ್.

ಕರೆಂಟಿನ ವರ್ಗವನ್ನು ಪ್ರತಿ ಕವಲಿನ ರೆಸಿಸ್ಟೆನ್ಸಿನಿಂದ ಗುಣಿಸಿದರೆ ಗಾಳಿಸಂದಿಯನ್ನು ದಾಟಿ ರೋಟರಿಗೆ ಹೋಗುವ ಪವರ್ ಸಿಗುತ್ತದೆ: ಮುಮ್ಮುಖ ಕ್ಷೇತ್ರದಿಂದ 904 ವ್ಯಾಟ್, ಹಿಮ್ಮುಖದಿಂದ 40 ವ್ಯಾಟ್. ಟಾರ್ಕಿನ ಸೂತ್ರ ಇಷ್ಟೇ:

ಟಾರ್ಕ್ = (ಮುಮ್ಮುಖ ಪವರ್ − ಹಿಮ್ಮುಖ ಪವರ್) ÷ ಸಿಂಕ್ರೊನಸ್ ಕೋನವೇಗ

864 ವ್ಯಾಟನ್ನು ಕ್ಷೇತ್ರ ಸುತ್ತುವ ವೇಗವಾದ ಸೆಕೆಂಡಿಗೆ 314 ರೇಡಿಯನ್‌ನಿಂದ ಭಾಗಿಸಿದರೆ 2.75 ನ್ಯೂಟನ್-ಮೀಟರ್. ಅದೇ 864ನ್ನು 0.95ರಿಂದ ಗುಣಿಸಿದರೆ ಶಾಫ್ಟಿಗೆ ಬರುವ ಯಾಂತ್ರಿಕ ಪವರ್ ಸುಮಾರು 821 ವ್ಯಾಟ್. ಅದರಲ್ಲಿ ಬೇರಿಂಗು, ಫ್ಯಾನು ಮತ್ತು ಕಬ್ಬಿಣದ ನಷ್ಟಕ್ಕೆ 75 ವ್ಯಾಟ್ ತೆಗೆದರೆ ಉಳಿಯುವುದು 746 ವ್ಯಾಟ್, ಅಂದರೆ ಒಂದು ಎಚ್‌ಪಿ. ದಕ್ಷತೆ ಶೇಕಡಾ 71.

ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ರೋಟರಿನ ತಾಮ್ರ ನಷ್ಟ. ಪ್ರತಿ ಕ್ಷೇತ್ರವೂ ತಾನು ಕಳಿಸಿದ ಪವರಿನಲ್ಲಿ ತನ್ನ ಸ್ಲಿಪ್ಪಿನಷ್ಟು ಭಾಗವನ್ನು ರೋಟರಿನಲ್ಲಿ ಶಾಖ ಮಾಡುತ್ತದೆ. ಮುಮ್ಮುಖ ಕ್ಷೇತ್ರದ 904 ವ್ಯಾಟಿನಲ್ಲಿ ಶೇಕಡಾ 5 ಎಂದರೆ 45 ವ್ಯಾಟ್. ಹಿಮ್ಮುಖ ಕ್ಷೇತ್ರದ 40 ವ್ಯಾಟನ್ನು 1.95ರಿಂದ ಗುಣಿಸಬೇಕು, ಅದು 78 ವ್ಯಾಟ್! ಹಿಮ್ಮುಖ ಕ್ಷೇತ್ರ ತನ್ನ ಪಾಲಿನ 40 ವ್ಯಾಟನ್ನೂ ಸುಡುತ್ತದೆ, ಅಷ್ಟು ಸಾಲದೆಂದು ಮುಮ್ಮುಖ ಕ್ಷೇತ್ರ ಶಾಫ್ಟಿಗೆ ಕೊಟ್ಟ ಯಾಂತ್ರಿಕ ಪವರಿನಿಂದ ಇನ್ನೂ 38 ವ್ಯಾಟನ್ನು ಕಿತ್ತುಕೊಂಡು ಸುಡುತ್ತದೆ. ಗಾಳಿಸಂದಿಯಲ್ಲಿ ಹಿಮ್ಮುಖ ಕ್ಷೇತ್ರದ ಬಲ ಮುಮ್ಮುಖ ಕ್ಷೇತ್ರದ ಹದಿನೈದರಲ್ಲಿ ಒಂದು ಪಾಲು ಮಾತ್ರ; ಆದರೂ ರೋಟರಿನ ಶಾಖದಲ್ಲಿ ಮೂರರಲ್ಲಿ ಎರಡಕ್ಕೆ ಸಮೀಪದ ಪಾಲು ಅದರದೇ ಆಗುತ್ತದೆ. ಒಂದೇ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ತ್ರೀ ಫೇಸ್ ಮೋಟಾರಿಗಿಂತ ಗಾತ್ರದಲ್ಲಿ ದೊಡ್ಡದಾಗಿ, ಹೆಚ್ಚು ಬಿಸಿಯಾಗಿ ಇರುವುದಕ್ಕೆ ಈ ಒಂದು ಗುಣಾಕಾರ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ನಿಂತ ಮೋಟಾರಿಗೆ ಬಂದರೆ ಸ್ಲಿಪ್ 1. 2ರಿಂದ 1 ಕಳೆದರೂ 1. ಎರಡು ಕವಲುಗಳೂ ಒಂದೇ ಆಗಿ ಟಾರ್ಕ್ ಸೊನ್ನೆಯಾಗುತ್ತದೆ, ಒಟ್ಟು ಇಂಪಿಡೆನ್ಸ್ 9.37 ಓಮ್‌ಗೆ ಇಳಿದು ಕರೆಂಟು 24.5 ಆಂಪಿಯರಿಗೆ ಜಿಗಿಯುತ್ತದೆ. ತಿರುಗದೆ ಗುಂಯ್‌ಗುಡುವ ಮೋಟಾರನ್ನು ತಕ್ಷಣ ಆಫ್ ಮಾಡಬೇಕೆಂದು ಹೇಳುವುದು ಇದಕ್ಕಾಗಿಯೇ. ಓಡುವ ಮೋಟಾರಿನ ಗುಂಯ್ ಶಬ್ದಕ್ಕೂ ಕಾರಣ ಇಲ್ಲಿಯೇ ಇದೆ: ಎರಡು ಕ್ಷೇತ್ರಗಳು ಒಂದನ್ನೊಂದು ಎದುರಾಗಿ ಹಾಯುವಾಗ ಟಾರ್ಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, ಮೇಲಿನ ಸೂತ್ರ ಕೊಡುವುದು ಅದರ ಸರಾಸರಿಯನ್ನು ಮಾತ್ರ. ಬೋಲ್ಟು ಸಡಿಲವಾದ ಪಂಪು ನೆಲವನ್ನೇ ನಡುಗಿಸುವುದು ಈ ಏರಿಳಿತದಿಂದ.

ವೋಲ್ಟೇಜಿನ ಪರಿಣಾಮವನ್ನೂ ಈ ಸರ್ಕ್ಯೂಟು ನೇರವಾಗಿ ಹೇಳುತ್ತದೆ. ಚಿತ್ರದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗೆ ಸಂಜೆಯ ಹೊತ್ತು 180 ವೋಲ್ಟ್ ಮಾತ್ರ ಬರುತ್ತಿದೆ ಎಂದುಕೊಳ್ಳಿ. ಅದೇ ಸ್ಲಿಪ್ಪಿನಲ್ಲಿ ಟಾರ್ಕು ವೋಲ್ಟೇಜಿನ ವರ್ಗದಂತೆ ಬದಲಾಗುವುದರಿಂದ 180 ಮತ್ತು 230ರ ಅನುಪಾತದ ವರ್ಗ, ಅಂದರೆ ಶೇಕಡಾ 61 ಮಾತ್ರ ಉಳಿಯುತ್ತದೆ. ನೀರನ್ನು ಅಷ್ಟೇ ಎತ್ತರಕ್ಕೆ ಏರಿಸಬೇಕಾದ ಪಂಪು ನಿಧಾನವಾಗುತ್ತದೆ, ಸ್ಲಿಪ್ ಬೆಳೆಯುತ್ತದೆ, ರೋಟರಿನ ಶಾಖ ಏರುತ್ತದೆ.

ಸರ್ಕ್ಯೂಟಿನ ಈ ಅಂಕಿಗಳು ಸಿಗುವುದು ಎಲ್ಲಿಂದ? ಯಾವ ಮೋಟಾರಿನ ತಗಡಿನ ಫಲಕದ ಮೇಲೂ ಅವು ಇರುವುದಿಲ್ಲ. ಮೂರು ಪರೀಕ್ಷೆಗಳಿಂದ ಅವನ್ನು ಹೊರತೆಗೆಯಬೇಕು. ಮೋಟಾರನ್ನು ಹೊರಡಿಸಲು ಕಂಡೆನ್ಸರಿನೊಂದಿಗೆ ಇರುವ ಸ್ಟಾರ್ಟಿಂಗ್ ಕಾಯಿಲ್ ಬಿಚ್ಚಿಟ್ಟು ರನ್ನಿಂಗ್ ಕಾಯಿಲ್‌ನ ರೆಸಿಸ್ಟೆನ್ಸನ್ನು ನೇರ ಕರೆಂಟಿನಿಂದ ಅಳೆಯುವುದು ಮೊದಲನೆಯದು. ಎರಡನೆಯದು ಶಾಫ್ಟನ್ನು ಅಲುಗದಂತೆ ಹಿಡಿದು, ವೇರಿಯಾಕ್‌ನಿಂದ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಪೂರ್ಣ ಲೋಡಿನ ಕರೆಂಟು ಬರುವಲ್ಲಿ ನಿಲ್ಲಿಸುವುದು. ನಮ್ಮ ಮೋಟಾರಿನಲ್ಲಿ 61 ವೋಲ್ಟಿಗೇ 6.5 ಆಂಪಿಯರ್ ಬಂದುಬಿಡುತ್ತದೆ, ವ್ಯಾಟ್ ಮೀಟರು 262 ತೋರಿಸುತ್ತದೆ. 262ನ್ನು ಕರೆಂಟಿನ ವರ್ಗದಿಂದ ಭಾಗಿಸಿದರೆ 6.2 ಓಮ್; ಅದರಲ್ಲಿ ಸ್ಟೇಟರಿನ 2.5 ಕಳೆದರೆ 3.7. ರೋಟರಿನ ರೆಸಿಸ್ಟೆನ್ಸ್ 3.7 ಎಂದು ಇಲ್ಲಿಗೇ ಬರೆದು ಮುಗಿಸುವುದು ಸಾಮಾನ್ಯ ರೂಢಿ, ಆದರೆ ನಿಜವಾದ ಬೆಲೆ 4. ಮ್ಯಾಗ್ನೆಟೈಸಿಂಗ್ ಕವಲು ಸ್ವಲ್ಪ ಕರೆಂಟನ್ನು ತನ್ನ ಕಡೆಗೆ ಎಳೆದುಕೊಂಡಿರುವುದರಿಂದ 3.7ನ್ನು 93.5 ಮತ್ತು 90ರ ಅನುಪಾತದ ವರ್ಗದಿಂದ ಗುಣಿಸಬೇಕು. ಪ್ರಯೋಗಶಾಲೆಯ ವರದಿಗಳಲ್ಲಿ ಈ ಹೆಜ್ಜೆಯನ್ನು ಬಿಟ್ಟುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಶೇಕಡಾ 7ರಷ್ಟು ತಪ್ಪು ಸುಮ್ಮನೆ ಒಳಗೆ ಬಂದು ಕೂರುತ್ತದೆ. ಮೂರನೆಯದು ಲೋಡಿಲ್ಲದೆ ಪೂರ್ಣ ವೋಲ್ಟೇಜಿನಲ್ಲಿ ಓಡಿಸುವ ಪರೀಕ್ಷೆ. ಆಗ ಸ್ಲಿಪ್ ಸೊನ್ನೆಗೆ ಹತ್ತಿರ, ಮುಮ್ಮುಖ ಕವಲಿನಲ್ಲಿ ಹೆಚ್ಚುಕಡಿಮೆ ಮ್ಯಾಗ್ನೆಟೈಸಿಂಗ್ ರಿಯಾಕ್ಟೆನ್ಸ್ ಒಂದೇ ಉಳಿದಿರುತ್ತದೆ. ಈ ಬರಿಯ ಓಟಕ್ಕೇ ನಮ್ಮ ಮೋಟಾರು 4.6 ಆಂಪಿಯರ್ ಎಳೆಯುತ್ತದೆ, ಪೂರ್ಣ ಲೋಡಿನ ಕರೆಂಟಿನ ಶೇಕಡಾ 70. ರಿವೈಂಡ್ ಆಗಿ ಬಂದ ಪಂಪನ್ನು ಟಾಂಗ್ ಟೆಸ್ಟರಿನಲ್ಲಿ ನೋಡಿ ಲೋಡಿಲ್ಲದೆಯೂ ಇಷ್ಟೊಂದು ಆಂಪಿಯರ್ ಏಕೆ ಎಂದು ಗಾಬರಿಯಾಗುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಆ ಕರೆಂಟಿನ ಬಹುಪಾಲು ಕಾಂತಕ್ಷೇತ್ರವನ್ನು ಹಿಡಿದು ನಿಲ್ಲಿಸುವುದಕ್ಕೆ ಹೋಗುತ್ತದೆಯೇ ಹೊರತು ಮೀಟರಿನಲ್ಲಿ ಯೂನಿಟ್ ಆಗಿ ಓಡುವುದಿಲ್ಲ.

ಎರಡನೆಯ ದಾರಿ ಅಡ್ಡ ಕ್ಷೇತ್ರದ ಸಿದ್ಧಾಂತ. ಇಲ್ಲಿ ಕ್ಷೇತ್ರವನ್ನು ಒಡೆಯದೆ, ಕಾಯಿಲ್‌ನ ಅಕ್ಷ ಮತ್ತು ಅದಕ್ಕೆ 90 ಡಿಗ್ರಿಯ ಅಡ್ಡ ಅಕ್ಷ ಎಂದು ಎರಡು ಅಕ್ಷಗಳನ್ನು ಇಟ್ಟುಕೊಳ್ಳುತ್ತಾರೆ. ನಿಂತ ರೋಟರಿನಲ್ಲಿ ಟ್ರಾನ್ಸ್‌ಫಾರ್ಮರಿನಲ್ಲಿ ಆಗುವಂತೆ ಮುಖ್ಯ ಅಕ್ಷದಲ್ಲಿ ಮಾತ್ರ ವೋಲ್ಟೇಜು ಹುಟ್ಟುತ್ತದೆ. ರೋಟರ್ ತಿರುಗತೊಡಗಿದರೆ ಅದರ ಕಂಬಿಗಳು ಮುಖ್ಯ ಕ್ಷೇತ್ರವನ್ನು ಕಡಿದುಕೊಂಡು ಹೋಗುವುದರಿಂದ ವೇಗಕ್ಕೆ ತಕ್ಕಂತೆ ಇನ್ನೊಂದು ವೋಲ್ಟೇಜು ಹುಟ್ಟಿ, ಅದರ ಕರೆಂಟು ಅಡ್ಡ ಅಕ್ಷದಲ್ಲಿ ಹೊಸ ಕ್ಷೇತ್ರವೊಂದನ್ನು ಕಟ್ಟುತ್ತದೆ. ಈ ಅಡ್ಡ ಕ್ಷೇತ್ರ ಕಾಲದಲ್ಲಿ ಮುಖ್ಯ ಕ್ಷೇತ್ರಕ್ಕಿಂತ ಸುಮಾರು 90 ಡಿಗ್ರಿ ಹಿಂದಿರುತ್ತದೆ. ಸ್ಥಳದಲ್ಲಿ 90 ಡಿಗ್ರಿ ಅಂತರ, ಕಾಲದಲ್ಲಿಯೂ 90 ಡಿಗ್ರಿ ಅಂತರ ಎಂದರೆ ಸುತ್ತುವ ಕ್ಷೇತ್ರವೇ ಅಲ್ಲವೇ? ಒಮ್ಮೆ ಹೊರಟ ರೋಟರ್ ತನಗೆ ಬೇಕಾದ ಎರಡನೆಯ ಫೇಸನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ನಮ್ಮ ಮೋಟಾರಿನಲ್ಲಿ ಸ್ಲಿಪ್ 0.05 ಇರುವಾಗ ಅಡ್ಡ ಕ್ಷೇತ್ರದ ಬಲ ಮುಖ್ಯ ಕ್ಷೇತ್ರದ ಶೇಕಡಾ 88ರಷ್ಟು ಇರುತ್ತದೆ. ಈ ಅಂಕಿಯನ್ನು ನಾನು ಪಡೆದದ್ದು ಮೊದಲಿನ ವಿಧಾನದ ಎರಡು ಕವಲುಗಳ ಇಂಪಿಡೆನ್ಸ್‌ಗಳನ್ನು ಕೂಡಿ ಕಳೆದು: ಮೊತ್ತ ಮುಖ್ಯ ಅಕ್ಷದ ಕ್ಷೇತ್ರವನ್ನೂ ವ್ಯತ್ಯಾಸ ಅಡ್ಡ ಅಕ್ಷದ ಕ್ಷೇತ್ರವನ್ನೂ ಹೇಳುತ್ತವೆ. ಎರಡು ಸಿದ್ಧಾಂತಗಳು ಒಂದೇ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪುರಾವೆ ಬೇಕಿಲ್ಲ. ಮೋಟಾರು ಹೇಗೆ ಓಡುತ್ತದೆ ಎಂದು ತಿಳಿಸಿಕೊಡಲು ಅಡ್ಡ ಕ್ಷೇತ್ರ ಉತ್ತಮ. ಕಾಗದದ ಮೇಲೆ ಲೆಕ್ಕ ಮಾಡಲು ಎರಡು ಸುತ್ತುವ ಕ್ಷೇತ್ರಗಳೇ ಸಲೀಸು.

ಇಲ್ಲಿಯವರೆಗೆ ಒಂದೇ ಕಾಯಿಲ್‌ನ ಮಾತಾಯಿತು. ನಮ್ಮ ಮನೆಗಳ ಪಂಪಿನಲ್ಲಾಗಲಿ, ಸೀಲಿಂಗ್ ಫ್ಯಾನಿನಲ್ಲಾಗಲಿ ಸ್ಟಾರ್ಟಿಂಗ್ ಕಾಯಿಲೂ ಕಂಡೆನ್ಸರೂ ಸದಾ ಸರ್ಕ್ಯೂಟಿನಲ್ಲಿಯೇ ಇರುತ್ತವೆ. ಎರಡು ಕಾಯಿಲ್‌ಗಳು, ಎರಡರಲ್ಲಿಯೂ ಬೇರೆ ಬೇರೆ ಅಳತೆಯ ಕರೆಂಟು, ಅವುಗಳ ನಡುವೆ ಯಾವುದೋ ಒಂದು ಕೋನ. ಇಂಥ ಅಸಮತೋಲವನ್ನು ಬಿಡಿಸುವ ಮೂರನೆಯ ದಾರಿಯೇ ಸಿಮೆಟ್ರಿಕಲ್ ಕಾಂಪೊನೆಂಟ್ಸ್ ವಿಧಾನ. ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲಿ ಇದನ್ನು ಮಂಡಿಸಿದರು. ಇಂದು ಇದನ್ನು ವಿದ್ಯುತ್ ಜಾಲದ ಫಾಲ್ಟ್ ಲೆಕ್ಕಕ್ಕೆ ಬಳಸುವುದೇ ಹೆಚ್ಚು. ಆದರೆ ಅವರ ಆಲೋಚನೆಗೆ ಮೊದಲು ಎಡೆಮಾಡಿದ್ದು ಅಸಮತೋಲದ ವೋಲ್ಟೇಜಿನಲ್ಲಿ ಓಡುವ ಇಂಡಕ್ಷನ್ ಮೋಟಾರಿನ ಪ್ರಶ್ನೆ. ಕಂಡೆನ್ಸರ್ ಮೋಟಾರಿಗೆ ಸುತ್ತುವ ಕ್ಷೇತ್ರಗಳ ಸಿದ್ಧಾಂತವನ್ನು ಪೂರ್ಣವಾಗಿ ಹೊಂದಿಸಿ ಬರೆದವರು ವೇಯ್ನ್ ಮಾರಿಲ್, 1929ರಲ್ಲಿ.

ವಿಧಾನದ ಸಾರ ಹೀಗಿದೆ. ರನ್ನಿಂಗ್ ಕಾಯಿಲ್‌ನ ಕರೆಂಟನ್ನು ಮುಮ್ಮುಖ ಮತ್ತು ಹಿಮ್ಮುಖ ಎಂಬ ಎರಡು ಕರೆಂಟುಗಳ ಮೊತ್ತವೆಂದು ಬರೆಯಬೇಕು. ಸ್ಟಾರ್ಟಿಂಗ್ ಕಾಯಿಲ್‌ನ ಕರೆಂಟನ್ನು ಅವೇ ಎರಡರ ವ್ಯತ್ಯಾಸವಾಗಿ, 90 ಡಿಗ್ರಿ ತಿರುಗಿಸಿ, ಎರಡು ಕಾಯಿಲ್‌ಗಳ ತಂತಿಯ ಸುತ್ತುಗಳ ಅನುಪಾತದಿಂದ ಭಾಗಿಸಿ ಬರೆಯಬೇಕು. ಹೀಗೆ ಮಾಡಿದರೆ ಮುಮ್ಮುಖ ಕರೆಂಟಿಗೆ ಒಂದು ಇಂಪಿಡೆನ್ಸ್, ಹಿಮ್ಮುಖ ಕರೆಂಟಿಗೆ ಇನ್ನೊಂದು ಇಂಪಿಡೆನ್ಸ್ ಬೇರೆಬೇರೆಯಾಗಿ ನಿಲ್ಲುತ್ತವೆ, ಎರಡು ಸಮೀಕರಣಗಳಲ್ಲಿ ಎರಡು ಅಜ್ಞಾತಗಳು ಉಳಿಯುತ್ತವೆ. ಮೊದಲಿನ ಕವಲುಗಳನ್ನು ಇಮ್ಮಡಿಸಿ ಸ್ಟೇಟರಿನ ಪಾಲನ್ನು ಸೇರಿಸಿದರೆ ಆ ಇಂಪಿಡೆನ್ಸ್‌ಗಳು ಸಿಗುತ್ತವೆ: ನಮ್ಮ ಮೋಟಾರಿಗೆ ಮುಮ್ಮುಖದ್ದು 62.8 ಓಮ್, ಹಿಮ್ಮುಖದ್ದು 8.2 ಓಮ್.

ಈಗ ಕೇಳಬೇಕಾದ ಪ್ರಶ್ನೆ: ಹಿಮ್ಮುಖ ಕರೆಂಟನ್ನು ಪೂರ್ತಿ ಸೊನ್ನೆ ಮಾಡಬಹುದೇ? ಸಮೀಕರಣ ಮಾಡಬಹುದೆಂದು ಹೇಳುತ್ತದೆ, ಆದರೆ ಎರಡು ಷರತ್ತುಗಳನ್ನು ಮುಂದಿಡುತ್ತದೆ. ಸ್ಟಾರ್ಟಿಂಗ್ ಮತ್ತು ರನ್ನಿಂಗ್ ಕಾಯಿಲ್‌ಗಳ ಸುತ್ತುಗಳ ಅನುಪಾತವು ಮುಮ್ಮುಖ ಇಂಪಿಡೆನ್ಸಿನ ಕೋನದ ಟ್ಯಾಂಜೆಂಟಿಗೆ ಸಮನಾಗಿರಬೇಕು. ಕಂಡೆನ್ಸರಿನ ರಿಯಾಕ್ಟೆನ್ಸ್, ಆ ಅನುಪಾತ, ಅನುಪಾತದ ವರ್ಗಕ್ಕೆ ಒಂದು ಕೂಡಿಸಿ ತೆಗೆದ ವರ್ಗಮೂಲ ಮತ್ತು ಮುಮ್ಮುಖ ಇಂಪಿಡೆನ್ಸ್ ಈ ಮೂರರ ಗುಣಲಬ್ಧವಾಗಿರಬೇಕು. ಸ್ಟಾರ್ಟಿಂಗ್ ಕಾಯಿಲ್‌ಗೂ ಅದೇ ಅನುಪಾತಕ್ಕೆ ತಕ್ಕಷ್ಟು ತಾಮ್ರ ಹಾಕಿದೆ ಎಂದು ಭಾವಿಸಿದರೆ ನಮ್ಮ ಮೋಟಾರಿಗೆ ಅನುಪಾತ 0.96, ಕಂಡೆನ್ಸರಿನ ರಿಯಾಕ್ಟೆನ್ಸ್ 83.6 ಓಮ್, ಅಂದರೆ 38 ಮೈಕ್ರೋಫ್ಯಾರಡ್. ಒಂದು ಎಚ್‌ಪಿ ಪಂಪಿಗೆಂದು ಅಂಗಡಿಯಲ್ಲಿ ಕೇಳಿದರೆ ಕೊಡುವ 36 ಮೈಕ್ರೋಫ್ಯಾರಡ್ಡಿಗೆ ಇದು ಎಷ್ಟು ಹತ್ತಿರವಿದೆ ನೋಡಿ. ಈ ಕಂಡೆನ್ಸರಿನ ಎರಡು ತುದಿಗಳ ನಡುವೆ 319 ವೋಲ್ಟ್ ನಿಲ್ಲುತ್ತದೆ. ಮನೆಗೆ ಬರುವುದು 230 ವೋಲ್ಟ್ ಆಗಿದ್ದರೂ ಕಂಡೆನ್ಸರಿನ ಮೈಮೇಲೆ 440 ವೋಲ್ಟ್ ಎಂದು ಅಚ್ಚಾಗಿರುವುದಕ್ಕೆ ಕಾರಣ ಇದು.

ಆ ಸ್ಥಿತಿಯಲ್ಲಿ, ಅದೇ 2850 ಸುತ್ತಿನ ವೇಗದಲ್ಲಿ, ರನ್ನಿಂಗ್ ಕಾಯಿಲ್‌ನ ಕರೆಂಟು 3.66 ಆಂಪಿಯರ್, ಸ್ಟಾರ್ಟಿಂಗ್ ಕಾಯಿಲ್‌ನದು 3.82, ಲೈನಿನದು 5.3. ಪವರ್ ಫ್ಯಾಕ್ಟರ್ ಹೆಚ್ಚುಕಡಿಮೆ 1. ಶಾಫ್ಟಿಗೆ ಬರುವ ಪವರ್ 1091 ವ್ಯಾಟಿಗೆ ಏರುತ್ತದೆ, ರೋಟರಿನ ನಷ್ಟ 123 ವ್ಯಾಟಿನಿಂದ 57ಕ್ಕೆ ಇಳಿಯುತ್ತದೆ. ಕಂಡೆನ್ಸರನ್ನು ಮೋಟಾರು ಹೊರಡಿಸುವ ಸಾಧನವೆಂದಷ್ಟೇ ತಿಳಿದವರು ಈ ಅಂಕಿಗಳನ್ನು ಗಮನಿಸಬೇಕು. ಆದರೆ ಸಮತೋಲದ ಎರಡೂ ಷರತ್ತುಗಳಲ್ಲಿ ಮುಮ್ಮುಖ ಇಂಪಿಡೆನ್ಸ್ ಇದೆ, ಅದು ಸ್ಲಿಪ್ಪಿನೊಂದಿಗೆ ಬದಲಾಗುತ್ತದೆ. ಹೀಗಾಗಿ ಒಂದು ಕಂಡೆನ್ಸರ್ ಒಂದೇ ಒಂದು ಲೋಡಿನಲ್ಲಿ ಹಿಮ್ಮುಖ ಕ್ಷೇತ್ರವನ್ನು ಅಳಿಸಬಲ್ಲದು. ಉಳಿದೆಡೆ ಅದು ಸ್ವಲ್ಪ ಉಳಿದೇ ಇರುತ್ತದೆ. ಆ ಒಂದು ಲೋಡನ್ನು ಎಲ್ಲಿ ಇಡಬೇಕು ಎಂಬುದೇ ವಿನ್ಯಾಸಕಾರನ ತೀರ್ಮಾನ.

ಹೊರಡುವ ಟಾರ್ಕಿನ ಲೆಕ್ಕ ಮಾಡಿದರೆ ಈ ತೀರ್ಮಾನದ ಬೆಲೆ ಕಾಣುತ್ತದೆ. ನಿಂತ ಮೋಟಾರಿನಲ್ಲಿ ಟಾರ್ಕು ಎರಡು ಕಾಯಿಲ್‌ಗಳ ಕರೆಂಟುಗಳ ಗುಣಲಬ್ಧಕ್ಕೂ ಅವುಗಳ ನಡುವಿನ ಕೋನದ ಸೈನ್‌ಗೂ ಅನುಪಾತದಲ್ಲಿರುತ್ತದೆ. 38 ಮೈಕ್ರೋಫ್ಯಾರಡ್ಡಿನಲ್ಲಿ ಸ್ಟಾರ್ಟಿಂಗ್ ಕಾಯಿಲ್‌ಗೆ ಹರಿಯುವುದು 3 ಆಂಪಿಯರ್ ಮಾತ್ರ, ಟಾರ್ಕು 1.2 ನ್ಯೂಟನ್-ಮೀಟರ್, ಪೂರ್ಣ ಲೋಡಿನದರ ಅರ್ಧಕ್ಕೂ ಕಡಿಮೆ. ಹೊರಡುವಾಗ ಹೆಚ್ಚು ಭಾರವಿಲ್ಲದ ಸೆಂಟ್ರಿಫ್ಯೂಗಲ್ ಪಂಪಿಗೆ, ಫ್ಯಾನಿಗೆ ಅಷ್ಟು ಸಾಕು. ಹಿಟ್ಟು ತುಂಬಿದ ಗ್ರೈಂಡರಿಗೋ ಒತ್ತಡ ತುಂಬಿದ ಕಂಪ್ರೆಸರಿಗೋ ಸಾಲದು. ಹೊರಡುವಾಗ ಮಾತ್ರ ಒಟ್ಟು 100 ಮೈಕ್ರೋಫ್ಯಾರಡ್ ಆಗುವಂತೆ ಇನ್ನೊಂದು ಕಂಡೆನ್ಸರನ್ನು ಸೇರಿಸಿ, ವೇಗ ಬಂದ ಮೇಲೆ ಸೆಂಟ್ರಿಫ್ಯೂಗಲ್ ಸ್ವಿಚ್ಚಿನಿಂದ ಬಿಡಿಸಿದರೆ ಟಾರ್ಕು 4 ನ್ಯೂಟನ್-ಮೀಟರಿಗೆ ಏರುತ್ತದೆ. ಎರಡು ಕಂಡೆನ್ಸರಿನ ಮೋಟಾರುಗಳು ಬಂದದ್ದು ಈ ಲೆಕ್ಕದಿಂದ.

ಕಂಡೆನ್ಸರ್ ವಯಸ್ಸಾಗಿ 38ರಿಂದ 25ಕ್ಕೆ ಇಳಿದರೆ? ಮೋಟಾರು ಓಡುತ್ತಲೇ ಇರುತ್ತದೆ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಅವೇ ಎರಡು ಸಮೀಕರಣಗಳನ್ನು ಬಿಡಿಸಿದರೆ ಅದೇ ವೇಗದಲ್ಲಿ ಮುಮ್ಮುಖ ಕರೆಂಟು 3.5 ಆಂಪಿಯರ್, ಸೊನ್ನೆಯಾಗಿದ್ದ ಹಿಮ್ಮುಖ ಕರೆಂಟು 1.2 ಆಂಪಿಯರ್. ರನ್ನಿಂಗ್ ಕಾಯಿಲ್‌ನಲ್ಲಿ ಎರಡೂ ಕೂಡಿ ಕರೆಂಟು 3.66ರಿಂದ 4.7ಕ್ಕೆ ಹೋಗುತ್ತದೆ, ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಆ ಕಾಯಿಲ್‌ನ ಶಾಖ ಸುಮಾರು ಶೇಕಡಾ 66 ಹೆಚ್ಚಾಗುತ್ತದೆ. ಟಾರ್ಕು ಶೇಕಡಾ 9 ಕಡಿಮೆಯಾಗುತ್ತದೆ, ಹೊರಡುವ ಟಾರ್ಕು 1.2ರಿಂದ 0.73ಕ್ಕೆ ಕುಸಿಯುತ್ತದೆ. ಕಾಯಿಲ್ ಸುಟ್ಟಿತೆಂದು ರಿವೈಂಡ್ ಮಾಡಿಸಿ ಹಳೆಯ ಕಂಡೆನ್ಸರನ್ನೇ ಮರಳಿ ಹಾಕುವ ಮನೆಯಲ್ಲಿ ಹೊಸ ಕಾಯಿಲೂ ಇದೇ ಶಾಖಕ್ಕೆ ಸಿಕ್ಕುತ್ತದೆ. ಮೈಕ್ರೋಫ್ಯಾರಡ್ ಅಳೆಯುವ ಮೀಟರು ಪ್ರತಿ ವೈಂಡಿಂಗ್ ಅಂಗಡಿಯ ಮೇಜಿನ ಮೇಲೂ ಇರಬೇಕು ಎಂದು ನಾನು ಒತ್ತಿ ಹೇಳುವುದು ಈ ಅಂಕಿಗಳನ್ನು ಕಂಡ ಮೇಲೆ.

ಈ ಮೂರೂ ವಿಧಾನಗಳು ವೇಗ ಒಂದೇ ಸಮ ಇದೆ, ವೋಲ್ಟೇಜು ಶುದ್ಧ ಸೈನ್ ಅಲೆಯಾಗಿದೆ ಎಂದು ಭಾವಿಸುತ್ತವೆ. ಸ್ವಿಚ್ಚು ಹಾಕಿದ ಮೊದಲ ಕ್ಷಣಗಳಲ್ಲಿ, ವೋಲ್ಟೇಜು ಥಟ್ಟನೆ ಬಿದ್ದು ಏಳುವಾಗ, ಸೆಂಟ್ರಿಫ್ಯೂಗಲ್ ಸ್ವಿಚ್ಚು ತೆರೆದುಕೊಳ್ಳುವಾಗ ಆ ಭಾವನೆ ನಿಲ್ಲುವುದಿಲ್ಲ. ಅಲ್ಲಿಗೆ ಬೇಕಾದದ್ದು ನಾಲ್ಕನೆಯ ದಾರಿಯಾದ ಡಿ-ಕ್ಯೂ ಮಾದರಿ; ಡಿ ಮತ್ತು ಕ್ಯೂ ಎಂದರೆ ಒಂದಕ್ಕೊಂದು 90 ಡಿಗ್ರಿಯಲ್ಲಿರುವ ಎರಡು ಅಕ್ಷಗಳು. ಆರ್. ಎಚ್. ಪಾರ್ಕ್ 1929ರಲ್ಲಿ ಸಿಂಕ್ರೊನಸ್ ಯಂತ್ರಗಳಿಗೆಂದು (ರೋಟರ್ ಕ್ಷೇತ್ರದ ವೇಗದಲ್ಲಿಯೇ ತಿರುಗುವ ಯಂತ್ರಗಳಿಗೆಂದು) ಬರೆದ ರೂಪಾಂತರವೇ ಇದರ ಬುನಾದಿ. ಸಿಂಗಲ್ ಫೇಸ್ ಮೋಟಾರಿಗೆ ಬಂದಾಗ ಕೆಲಸ ಹಗುರವಾಗುತ್ತದೆ, ಏಕೆಂದರೆ ಸ್ಟೇಟರಿನ ಎರಡು ಕಾಯಿಲ್‌ಗಳು ಈಗಾಗಲೇ 90 ಡಿಗ್ರಿ ಅಂತರದಲ್ಲಿ ಕೂತಿವೆ. ರೋಟರನ್ನು ಮಾತ್ರ ಅದೇ ಎರಡು ಅಕ್ಷಗಳಿಗೆ ತಂದು ಕೂರಿಸಬೇಕು. ಎರಡು ಕಾಯಿಲ್‌ಗಳ ಅಳತೆ ಬೇರೆಬೇರೆಯಾದ್ದರಿಂದ ಅಕ್ಷಗಳನ್ನು ಸ್ಟೇಟರಿಗೇ ಕಟ್ಟಿ ನಿಲ್ಲಿಸಬೇಕು. ಸುತ್ತುವ ಅಕ್ಷಗಳನ್ನು ತೆಗೆದುಕೊಂಡರೆ ಸಮೀಕರಣಗಳು ಸರಳವಾಗುವ ಬದಲು ಗೋಜಲಾಗುತ್ತವೆ. ಸ್ಟೇಟರಿಗೆ ಎರಡು, ರೋಟರಿಗೆ ಎರಡು, ಕಂಡೆನ್ಸರಿನ ವೋಲ್ಟೇಜಿಗೆ ಒಂದು, ವೇಗಕ್ಕೆ ಒಂದು, ಹೀಗೆ ಆರು ಡಿಫರೆನ್ಶಿಯಲ್ ಸಮೀಕರಣಗಳು. ವೇಗವನ್ನು ಕರೆಂಟು ಗುಣಿಸುವುದರಿಂದ ಇವಕ್ಕೆ ಕಾಗದದ ಮೇಲೆ ಉತ್ತರವಿಲ್ಲ. ರುಂಗೆ-ಕುಟ್ಟ ವಿಧಾನದಲ್ಲಿ ಸೆಕೆಂಡಿನ ಹತ್ತುಸಾವಿರದ ಒಂದು ಭಾಗದಂತೆ ಹೆಜ್ಜೆಯಿಟ್ಟು ಕಂಪ್ಯೂಟರಿನಲ್ಲಿ ಬಿಡಿಸಬೇಕು. ಪೈಥಾನಿನಲ್ಲಿಯೋ ಸೈಲ್ಯಾಬಿನಲ್ಲಿಯೋ ಇದು ಐವತ್ತು ಅರವತ್ತು ಸಾಲಿನ ಪ್ರೋಗ್ರಾಮು. ಬರೆದ ಮೇಲೆ ಮಾಡಬೇಕಾದ ಮೊದಲ ತಾಳೆ: ಕಂಡೆನ್ಸರಿರುವ ಮೋಟಾರನ್ನು ಓಡಿಸಿ, ವೇಗ ನೆಲೆಗೊಂಡ ಮೇಲೆ ಬರುವ ಸರಾಸರಿ ಟಾರ್ಕು ಸಿಮೆಟ್ರಿಕಲ್ ಕಾಂಪೊನೆಂಟ್ಸ್ ಕೊಟ್ಟ ಅಂಕಿಗೆ ಹೊಂದುತ್ತದೆಯೇ ಎಂದು ನೋಡುವುದು. ಹೊಂದದಿದ್ದರೆ ಬಹಳಮಟ್ಟಿಗೆ ಸುತ್ತುಗಳ ಅನುಪಾತವನ್ನು ಎಲ್ಲೋ ಒಂದು ಕಡೆ ಗುಣಿಸುವಲ್ಲಿ ಭಾಗಿಸಿರುತ್ತಾರೆ. ಹೊಂದಿದರೆ, ಅದೇ ಪ್ರೋಗ್ರಾಮಿಗೆ 160 ವೋಲ್ಟ್ ಕೊಟ್ಟು ಪಂಪು ವೇಗ ಹಿಡಿಯುತ್ತದೆಯೋ ಅರ್ಧದಾರಿಯಲ್ಲಿ ತೆವಳುತ್ತದೆಯೋ ಎಂದು ಮೋಟಾರನ್ನು ಸುಡದೆ ನೋಡಬಹುದು.

ನಾಲ್ಕೂ ವಿಧಾನಗಳಿಗೆ ಸಾಮಾನ್ಯವಾದ ಮಿತಿಗಳಿವೆ. ರೋಟರ್ ರೆಸಿಸ್ಟೆನ್ಸ್ ಒಂದೇ ಅಂಕಿ ಎಂದು ನಾವು ಇಟ್ಟುಕೊಂಡೆವು, ಆದರೆ 97.5 ಹರ್ಟ್ಸ್‌ನಲ್ಲಿ ಕರೆಂಟು ಕಂಬಿಯ ಮೇಲುಭಾಗಕ್ಕೆ ಒತ್ತರಿಸಿಕೊಂಡು ಹರಿಯುವುದರಿಂದ ಹಿಮ್ಮುಖ ಕವಲಿನ ರೆಸಿಸ್ಟೆನ್ಸ್ ಮುಮ್ಮುಖದ್ದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಎರಡು ಕವಲುಗಳಿಗೆ ಬೇರೆ ಬೇರೆ ಬೆಲೆ ಕೊಟ್ಟರೆ ಇದು ಸರಿಹೋಗುತ್ತದೆ, ಮತ್ತು ಕ್ಷೇತ್ರವನ್ನು ಎರಡಾಗಿ ಒಡೆದ ವಿಧಾನಗಳಿಗೆ ಮಾತ್ರ ಈ ಅನುಕೂಲ ಸುಲಭವಾಗಿ ದಕ್ಕುತ್ತದೆ. ಕಬ್ಬಿಣ ಕಾಂತತ್ವದಿಂದ ತುಂಬಿಹೋಗುವುದನ್ನು, ಕಾಯಿಲ್‌ಗಳು ಸ್ಲಾಟುಗಳಲ್ಲಿ ಹಂಚಿ ಕೂತಿರುವುದರಿಂದ ಹುಟ್ಟುವ ಮೂರನೆಯ, ಐದನೆಯ ಹಾರ್ಮೋನಿಕ್ ಕ್ಷೇತ್ರಗಳನ್ನು ಇಷ್ಟು ಸುಲಭವಾಗಿ ಒಳಗೆ ತರಲಾಗುವುದಿಲ್ಲ. ಮೋಟಾರಿನ ಅಡ್ಡಕೊಯ್ತವನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಸೀಳಿ ಪ್ರತಿಯೊಂದರಲ್ಲಿಯೂ ಕ್ಷೇತ್ರವನ್ನು ಕಂಡುಹಿಡಿಯುವ ಫೈನೈಟ್ ಎಲಿಮೆಂಟ್ ಲೆಕ್ಕ ಅದಕ್ಕೆ ಬೇಕು. ಹೊಸ ಸ್ಟ್ಯಾಂಪಿಂಗ್ ವಿನ್ಯಾಸ ಮಾಡುವ ಕಾರ್ಖಾನೆಗೆ ಅದು ಅನಿವಾರ್ಯ. ರಿವೈಂಡ್ ಆದ ಒಂದು ಎಚ್‌ಪಿ ಪಂಪಿಗೆ ಎಷ್ಟು ಮೈಕ್ರೋಫ್ಯಾರಡ್ ಹಾಕಬೇಕೆಂದು ತಿಳಿಯಲು ಮೂರು ಪರೀಕ್ಷೆ, ಎರಡು ಸಮೀಕರಣ, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರು ಸಾಕು.